ಹದಿಮೂರೂವರೆ ಆಂಪಿಯರ್

ಡಿಸೆಂಬರ್ 3

ಫಿಸಿಯೋಥೆರಪಿಯ ಹುಡುಗಿ ದಿನಕ್ಕೆ ನಾಲ್ಕು ಸಾಲು ಬರೆಯಬೇಕು ಎಂದಿದ್ದಾಳೆ. ಏನು ಬರೆಯಲಿ ಎಂದು ಕೇಳಿದೆ. "ಏನಾದ್ರೂ ಬರೀರಿ ಅಂಕಲ್, ನಾನು ಓದಲ್ಲ. ಅಕ್ಷರ ಗೆರೆ ಮೇಲೆ ನಿಂತಿದ್ಯಾ ಅಂತ ಮಾತ್ರ ನೋಡ್ತೀನಿ" ಎಂದಳು. ಮೂವತ್ತನಾಲ್ಕು ವರ್ಷ ವೈರಿಂಗ್ ಕೆಲಸ ಮಾಡಿದ ಬಲಗೈ ಈಗ ತನಗೆ ತೋಚಿದಾಗ ಮಾತ್ರ ನನ್ನ ಮಾತು ಕೇಳುತ್ತದೆ. ಬಲಗಾಲೂ ಅದರ ಪಕ್ಷ. ಆಗಿದ್ದು ಚಿಕ್ಕ ಪಾರ್ಶ್ವವಾಯು ಎಂದು ಡಾಕ್ಟರು ಹೇಳಿದರು. ಅವರಿಗೆ ಚಿಕ್ಕದು.

ಡಿಸೆಂಬರ್ 4

ಇಂದು ವಿಶೇಷ ಏನೂ ಇಲ್ಲ.
ಎರಡನೆಯ ಸಾಲು.
ಮೂರನೆಯದು.
ಇದು ನಾಲ್ಕನೆಯದು.

ಡಿಸೆಂಬರ್ 7

ನನಗೆ ಹೀಗಾದ ಮೇಲೆ ಸಹಾಯಕ್ಕಿರಲಿ ಎಂದು ಮಗಳು ಗಂಡನ ಜೊತೆ ನಮ್ಮ ಮೇಲಿನ ಮನೆಗೆ ಬಂದಿದ್ದಾಳೆ. ಅವಳಿಗೆ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ಗಂಡನದು ಜನರ ಮನೆಯ ಸೂರಿನಡಿಗೆ ಗಾಜಿನ ಉಣ್ಣೆ ತುಂಬುವ ಕೆಲಸ. ಚಳಿಗಾಲದಲ್ಲಿ ಒಳಗಿನ ಬಿಸಿ ಹೊರಗೆ ಹೋಗುವುದಿಲ್ಲವಂತೆ, ಬೇಸಿಗೆಯಲ್ಲಿ ಹೊರಗಿನದು ಒಳಗೆ ಬರುವುದಿಲ್ಲವಂತೆ. ಹಳದಿ ಹತ್ತಿಯ ಹಾಗಿರುವ ಅದರ ಉರುಳೆಗಳನ್ನು ವ್ಯಾನಿನಲ್ಲಿ ಹೇರಿಕೊಂಡು ಓಡಾಡುತ್ತಾರೆ. ಅವರಿಗೆ ನಾನು ಇಟ್ಟ ಹೆಸರು ಹತ್ತಿರಾಯರು. ಬಾಯಿಬಿಟ್ಟು ಕರೆದಿಲ್ಲ. ಇಲ್ಲಿ ಬರೆಯುತ್ತಿದ್ದೇನೆ, ಅಷ್ಟೆ.

ಹತ್ತಿರಾಯರು ಚಪ್ಪಲಿಯನ್ನು ಬಾಗಿಲಿಗೆ ಅಡ್ಡ ಬಿಡುತ್ತಾರೆ. ಮೆಟ್ಟಿಲಿಳಿಯುವಾಗ ಶಿಳ್ಳೆ ಹೊಡೆಯುತ್ತಾರೆ. ಪೇಪರನ್ನು ನನಗಿಂತ ಮೊದಲು ಬಿಡಿಸುತ್ತಾರೆ. ಇವನ್ನೆಲ್ಲ ಹೇಳಿದ್ದಕ್ಕೆ ಹೆಂಡತಿ, "ಅವ್ರು ಉಸಿರಾಡಿದ್ರೂ ನಿಮಗೆ ಸದ್ದು ಕೇಳುತ್ತೆ ಕಣ್ರೀ" ಎಂದಳು.

ಡಿಸೆಂಬರ್ 12

ಮೇಲಿನ ಮನೆ ಚಳಿ ಎಂದು ಹತ್ತಿರಾಯರು ನಮ್ಮ ಅಟ್ಟಕ್ಕೂ ಉಣ್ಣೆ ತುಂಬುತ್ತಿದ್ದಾರೆ. ಬೇಡ ಎಂದೆ. ಯಾಕೆ ಎಂದು ಮಗಳು ಕೇಳಿದಳು. ಇಪ್ಪತ್ತೆರಡು ವರ್ಷ ಬೇಕಾಗಿರಲಿಲ್ಲ ಎಂದೆ. ಅದು ಕಾರಣ ಅಲ್ಲ ಎಂದಳು.

ಮಧ್ಯಾಹ್ನ ಹತ್ತಿರಾಯರು ಅಳತೆ ಟೇಪು ಹಿಡಿದು ನನ್ನ ಕುರ್ಚಿಯ ಹತ್ತಿರ ಬಂದರು. "ಮಾವ, ನೀವು ಎಳೆದಿರೋ ವೈರ್‌ಗಳು ಮೇಲೆ ತೊಲೆಗೆ ಕ್ಲಿಪ್ ಹೊಡೆದು ಹಾಗೇ ಇವೆ. ಅದ್ರ ಕೆಳಗೆ ಮೇಲೆ ಎಲ್ಲಾ ಉಣ್ಣೆ ಬರುತ್ತೆ. ಏನಾದ್ರೂ ಮಾಡ್ಬೇಕಾ?"

"ನಿಮ್ಮ ಕೆಲಸ ನಿಮಗೆ ಗೊತ್ತಿರುತ್ತಲ್ಲ" ಎಂದೆ.

ಕೇಳಿದ ರೀತಿ ನನಗೆ ಹಿಡಿಸಲಿಲ್ಲ. ಟೇಪನ್ನು ಟಕಟಕ ಎನ್ನಿಸುತ್ತ ಕೇಳಿದರು. ಟೇಪು ಸುತ್ತಿಕೊಂಡು ಮೇಲೆ ಹೋದರು. ಸಂಜೆಯ ಹೊತ್ತಿಗೆ ಒಂದಡಿ ದಪ್ಪ ತುಂಬಿ ಮುಗಿಸಿದ್ದರು.

ಡಿಸೆಂಬರ್ 20

ಮನೆ ಬೆಚ್ಚಗಿದೆ. ಹೆಂಡತಿ ಶಾಲು ತೆಗೆದು ಮಡಚಿಟ್ಟಳು, ನನ್ನೆದುರಿಗೇ. ಹೀಗೆ ಮುಚ್ಚಿದ ಬಿಸಿ ಆರೋಗ್ಯಕ್ಕೆ ಒಳ್ಳೆಯದಲ್ಲ ಎಂದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕಾಲಿನ ಸೆಳೆತ ಕಡಿಮೆಯಾಗಿದೆ. ಬಹುಶಃ ಹೊಸ ಮಾತ್ರೆ.

ಜನವರಿ 6

ಅಕ್ಷರ ಪರವಾಗಿಲ್ಲ, ಇನ್ನು ಅಂಕಿ ಬರೆಯಿರಿ ಎಂದಳು ಫಿಸಿಯೋ ಹುಡುಗಿ. ಅಂಕಿಗೆ ಎಲ್ಲಿ ಹೋಗಲಿ. ಕಪಾಟಿನಲ್ಲಿ ನನ್ನ ಹಳೆಯ ಕೈಪಿಡಿ ಇತ್ತು. ಯಾವ ತಂತಿ ಎಷ್ಟು ಕರೆಂಟು ಹೊರುತ್ತದೆ ಎಂಬ ಕೋಷ್ಟಕ ತೆಗೆದು ನಕಲು ಮಾಡಲು ಕೂತೆ.

ಎರಡೂವರೆ ಚದರ ಮಿಲಿಮೀಟರ್ ದಪ್ಪದ ತಾಮ್ರದ ತಂತಿ. ಗೋಡೆಗೋ ತೊಲೆಗೋ ಹೊಡೆದು ಗಾಳಿಗೆ ಬಿಟ್ಟರೆ 27 ಆಂಪಿಯರ್. ಸುತ್ತಲೂ ಉಣ್ಣೆ ಮುಚ್ಚಿದರೆ 13.5.

13.5 ಎಂಬುದನ್ನು ಎರಡು ಸಲ ಬರೆದೆ. ಮೊದಲನೆಯದು ಗೆರೆಯ ಮೇಲೆ ನಿಲ್ಲಲಿಲ್ಲ.

ಇದು ನನಗೆ ಗೊತ್ತಿಲ್ಲದ ವಿಷಯವಲ್ಲ. ಕರೆಂಟು ಹರಿದರೆ ತಂತಿ ಕಾಯುತ್ತದೆ, ಕಾದದ್ದು ಗಾಳಿಗೆ ಆರಬೇಕು. ಆರಲು ಬಿಡದಿದ್ದರೆ ಅರ್ಧ ಹೊರೆಗೇ ಸುಸ್ತಾಗುತ್ತದೆ. ಎಷ್ಟೋ ಜನಕ್ಕೆ ನಾನೇ ಹೇಳಿಕೊಟ್ಟಿದ್ದೇನೆ. ಮೇಲಿನ ಮನೆಗೆ ಎಳೆದದ್ದು ಎರಡೂವರೆಯ ಒಂದೇ ಲೈನು. ಅದರ ಮೇಲೆ ಗೀಸರ್ 13, ರೂಮ್ ಹೀಟರ್ ಸುಮಾರು 9. ಒಟ್ಟು 22. ಗಾಳಿಯಲ್ಲಿದ್ದಾಗ ಚಿಂತೆಯಿರಲಿಲ್ಲ. ಈಗ ಅದು ಒಂದಡಿ ಹತ್ತಿಯ ಒಳಗೆ ಮಲಗಿದೆ.

ಆದರೆ ಬೋರ್ಡಿನಲ್ಲಿ ಎಂಸಿಬಿ ಇದೆ. ಹೊರೆ ಮೀರಿದರೆ ತಾನೇ ಬಿದ್ದು ಲೈನು ಕಡಿಯುತ್ತದೆ. ಹದಿನಾರು ಆಂಪಿಯರಿನದು. ಇಪ್ಪತ್ತೆರಡು ಹರಿದರೆ ಸ್ವಲ್ಪ ಹೊತ್ತಿನಲ್ಲಿ ಬಿದ್ದೇ ಬೀಳುತ್ತದೆ. ಹಾಗಾಗಿ ತೊಂದರೆ ಇಲ್ಲ.

ಜನವರಿ 7

ಬೋರ್ಡು ತೆಗೆದು ನೋಡಿದೆ. ಮೂವತ್ತೆರಡರದು.

ಜನವರಿ 9

ನಿನ್ನೆ ಬರೆಯಲಿಲ್ಲ.

ಆರು ವರ್ಷದ ಹಿಂದೆ ನಾನೇ ಬದಲಾಯಿಸಿದ್ದು, ಮರೆತಿದ್ದೆ. ಆಗ ಹೆಂಡತಿ ಆಪರೇಷನ್ ಆಗಿ ಮೇಲಿನ ಕೋಣೆಯಲ್ಲಿದ್ದಳು. ಹೀಟರ್ ಉರಿಯುತ್ತಿರುವಾಗ ಗೀಸರ್ ಹಾಕಿದರೆ ಎಂಸಿಬಿ ಬೀಳುತ್ತಿತ್ತು. ಮೂರನೆಯ ಸಲ ಬಿದ್ದಾಗ ಅವಳು ತಲೆಗೆ ಸೋಪು ಹಚ್ಚಿಕೊಂಡಿದ್ದಳು. "ಊರಿಗೆಲ್ಲಾ ಕರೆಂಟು ಕೊಡ್ತೀರಿ, ಹೆಂಡ್ತಿಗೆ ಎರಡು ತಂಬಿಗೆ ಬಿಸಿನೀರಿಲ್ಲ" ಎಂದಳು. ತಂತಿ ಗಾಳಿಯಲ್ಲಿದೆ, ಇಪ್ಪತ್ತೇಳು ಹೊರುತ್ತದೆ, ಏನೂ ಆಗುವುದಿಲ್ಲ ಎಂದುಕೊಂಡು ಹದಿನಾರನ್ನು ಕಿತ್ತು ಮೂವತ್ತೆರಡು ಹಾಕಿದೆ. ಅಲ್ಲಿಂದ ಮುಂದೆ ಅದು ಬೀಳಲಿಲ್ಲ. ಬೀಳದಿರಲಿ ಎಂದೇ ಹಾಕಿದ್ದು. ಮೂವತ್ತೆರಡಾದ ಮೇಲೆ ತಂತಿ ಕರಗಿದರೂ ಬೀಳಬೇಕೆಂದಿಲ್ಲ. ಕೆಲಸ ಕಲಿಯುವವರಿಗೆ ಮೊದಲ ದಿನ ಹೇಳುವ ಮಾತು, ತಂತಿ ಬದಲಿಸದೆ ಎಂಸಿಬಿ ದೊಡ್ಡದು ಮಾಡಬೇಡಿ ಎಂಬುದು.

ಈಗ ಮತ್ತೆ ಹದಿನಾರು ಹಾಕೋಣವೆಂದು ಸ್ಕ್ರೂಡ್ರೈವರ್ ಹಿಡಿದೆ. ಬಲಗೈಯಿಂದ ಒಮ್ಮೆ ಬಿತ್ತು, ಎಡಗೈಯಿಂದ ಎರಡು ಸಲ. ಬೇರೆ ವೈರ್‌ಮನ್ ಕರೆಸಿದರೆ ಅವನು ಮೂವತ್ತೆರಡನ್ನು ನೋಡುತ್ತಾನೆ. ನೋಡಿ ಸುಮ್ಮನಿರುವ ವೈರ್‌ಮನ್ ಈ ಊರಲ್ಲಿ ಇಲ್ಲ. ನಾನೂ ಇರುತ್ತಿರಲಿಲ್ಲ.

ಜನವರಿ 10

ತಿಂಡಿಯ ಹೊತ್ತಿನಲ್ಲಿ ವಿಷಯ ಎತ್ತಿದೆ. ಉಣ್ಣೆ ಮುಚ್ಚಿದ ತಂತಿಗೆ ಅರ್ಧ ಶಕ್ತಿ ಮಾತ್ರ, ಗೀಸರ್ ಹೀಟರ್ ಒಟ್ಟಿಗೆ ಹಾಕಬೇಡಿ ಎಂದೆ.

"ಅಪ್ಪ, ಹೋದ ವಾರ ಅವ್ರ ಶಿಳ್ಳೆಯಿಂದ ನಿನ್ನ ಬಿಪಿ ಏರುತ್ತೆ ಅಂದೆ. ಅದಕ್ಕೆ ಮುಂಚೆ ಬಿಸಿ ಗಾಳಿಯಿಂದ ಆರೋಗ್ಯ ಕೆಡುತ್ತೆ ಅಂದೆ. ಈಗ ವೈರು" ಎಂದಳು ಮಗಳು.

ಹತ್ತಿರಾಯರು ಮಾತ್ರ ತಟ್ಟೆ ಪಕ್ಕಕ್ಕಿಟ್ಟು ಕೇಳಿದರು. "ಅರ್ಧ ಹೇಗೆ ಮಾವ?"

"ಎರಡು ಕಂಬಳಿ ಹೊದ್ದುಕೊಂಡು ಹತ್ತು ಸಲ ಮೆಟ್ಟಿಲು ಹತ್ತಿ ಇಳೀರಿ. ಆಮೇಲೆ ನೀವೇ ನನಗೆ ಹೇಳ್ತೀರಿ."

"ಆದ್ರೆ ಹೊರೆ ಜಾಸ್ತಿ ಆದ್ರೆ ಎಂಸಿಬಿ ಬೀಳುತ್ತಲ್ವಾ?" ಎಂದರು.

"ಬೀಳ್ಬೇಕು" ಎಂದೆ.

ಅದು ಸುಳ್ಳಲ್ಲ. ಬೀಳಬೇಕಾದ್ದು ನಿಜವೇ.

ಹತ್ತಿರಾಯರು ಸಮಾಧಾನವಾಗಿ ಕೆಲಸಕ್ಕೆ ಹೋದರು. ಟೀ ಆರಿ ಹೋಗಿತ್ತು.

ಜನವರಿ 14

ಕೈ ನೋಯುವವರೆಗೆ ಬರೆಯುತ್ತೇನೆ.

ಬೆಳಿಗ್ಗೆ ಏಳೂವರೆ. ಮಗಳಿಗೆ ಶೀತವಾಗಿತ್ತು, ಕೋಣೆಯಲ್ಲಿ ಹೀಟರ್ ಹಾಕಿಕೊಂಡೇ ಸ್ನಾನಕ್ಕೆ ಹೋಗಿದ್ದಳು. ನಾನು ಕೆಳಗೆ ಪೇಪರ್ ಓದುತ್ತಿದ್ದೆ. ಬಿಸಿಲಲ್ಲಿ ಕಾದ ಪ್ಲಾಸ್ಟಿಕ್ ಬಕೀಟಿನ ವಾಸನೆ ಬಂತು, ಅದರ ಜೊತೆಗೆ ಒಣಮೀನಿನದೂ ಸ್ವಲ್ಪ. ತಂತಿ ಸುಡುವ ಈ ವಾಸನೆಯನ್ನು ನಾನು ಬೇರೆಯವರ ಮನೆಗಳಲ್ಲಿ ಮೂಸಿದ್ದೇನೆ. ಬೋರ್ಡಿನವರೆಗೆ ಹೇಗೆ ಹೋದೆನೋ ಗೊತ್ತಿಲ್ಲ, ಊರುಗೋಲು ಕುರ್ಚಿಯ ಹತ್ತಿರವೇ ಇತ್ತಂತೆ. ಎಡಗೈಯಲ್ಲಿ ಮೇನ್ ಇಳಿಸಿದೆ. ಅಡುಗೆಮನೆಯಿಂದ ಹೆಂಡತಿ "ಕರೆಂಟ್ ಹೋಯ್ತು" ಎಂದಳು.

ಮೆಟ್ಟಿಲು ಹದಿಮೂರು. ಒಂದೊಂದರ ಮೇಲೂ ಕೂತು ಹಿಂದಕ್ಕೆ ಸರಿದು ಹತ್ತಿದೆ. ಅಷ್ಟರಲ್ಲಿ ನಾನು ಕೂಗಿದ್ದು ಕೇಳಿ ಹತ್ತಿರಾಯರು ಅಟ್ಟದ ಕಿಂಡಿಗೆ ಏಣಿ ಹಾಕಿ ಒಳಗೆ ಹೋಗಿದ್ದರು. ನಾನು ಕೆಳಗೆ ಗೋಡೆಗೊರಗಿ ನಿಂತು ಹೇಳುತ್ತ ಹೋದೆ. ಬಲಕ್ಕೆ ಮೂರನೇ ತೊಲೆ. ಉಣ್ಣೆ ಎತ್ತಿ. ತಂತಿ ಮುಟ್ಟಬೇಡಿ, ಮೊದಲು ಕೈ ಹತ್ತಿರ ಹಿಡಿಯಿರಿ.

ಮೇಲೆ ಸದ್ದು ನಿಂತಿತು.

"ಏನಾಯ್ತು?" ಎಂದೆ.

"ಮಾವ, ವೈರ್ ಬಣ್ಣ ಕಂದು ಆಗಿದೆ. ಮೆತ್ತಗಿದೆ. ತೊಲೆಗೆ ಅಂಟಿಕೊಂಡಿದೆ. ಮರದ ಮೇಲೆ ಉದ್ದಕ್ಕೂ ಕಪ್ಪು ಗೆರೆ ಬಿದ್ದಿದೆ."

"ಎಷ್ಟುದ್ದ?"

"ಬಚ್ಚಲಮನೆ ಮೇಲಿಂದ ನಮ್ಮ ಮಂಚದ ಮೇಲಿನ ತನಕ."

ಮಗಳು ತಲೆಗೆ ಟವೆಲ್ ಸುತ್ತಿಕೊಂಡು ಅಲ್ಲೇ ನಿಂತಿದ್ದಳು. ಮಂಚದ ಕಡೆ ಒಮ್ಮೆ ನೋಡಿದಳು.

ಅವರು ಇಳಿದು ಬಂದರು. ಮೈಯೆಲ್ಲ ಹಳದಿ ಧೂಳು. ನಾಲ್ವರೂ ಇದ್ದೆವು. "ತಪ್ಪು ನಂದು. ಮಾವನ್ನ ಒಂದ್ಸಲ ಕೇಳಿದ್ದೆ. ಸರಿಯಾಗಿ ಉತ್ತರ ಸಿಗೋ ತನಕ ಕೇಳ್ಬೇಕಿತ್ತು" ಎಂದರು. ಮಗಳು ಅವರಿಗೆ ಬೈದಳು. ನಲವತ್ತೊಂದು ಮನೆಗೆ ತುಂಬಿದವರಿಗೆ ಇಷ್ಟೂ ಗೊತ್ತಾಗಲಿಲ್ಲವಾ, ಹೋದ ವಾರವಷ್ಟೇ ಅಪ್ಪ ಹೇಳಲಿಲ್ಲವಾ ಎಂದಳು. ಅಪ್ಪ ಹೇಳಿದ್ದು ಸರಿಯಿತ್ತು ಎಂದು ಎರಡು ಸಲ ಹೇಳಿದಳು.

ಅವರು ತಲೆ ತಗ್ಗಿಸಿ ಬೈಸಿಕೊಂಡರು. ನಾನು ಮಾತಾಡಲಿಲ್ಲ. ಗಂಟಲಿಗೆ ಧೂಳು ಹೋಗಿತ್ತು.

ಜನವರಿ 15

ಬೆಳಿಗ್ಗೆ ಎದ್ದು ಬಂದರೆ ಅಳಿಯ ಊಟದ ಮೇಜಿನ ಮೇಲೆ ಹಾಳೆ ಹರಡಿಕೊಂಡು ಮನೆಗಳ ವಿಳಾಸ ಬರೆಯುತ್ತಿದ್ದ. ನಲವತ್ತೊಂದು ಮನೆಗೂ ಹೋಗಿ ಉಣ್ಣೆ ಎತ್ತಿ ತಂತಿ ನೋಡುತ್ತಾನಂತೆ.

"ಕೆಲಸ ಬರದವನು ಅಂತಾರೆ ಜನ" ಎಂದೆ.

"ಅನ್ಲಿ ಮಾವ. ಬರ್ಲಿಲ್ವಲ್ಲ."

ಮೊದಲ ಮನೆಗೆ ಫೋನ್ ಮಾಡಿದ. ಈ ಕಡೆಯ ಮಾತಷ್ಟೇ ನನಗೆ ಕೇಳಿಸಿತು. "ಹೌದು ಸರ್… ನಾನೇ ಹಾಕಿದ್ದು… ಇಲ್ಲ ಸರ್, ಬೇರೆ ಯಾರದೂ ತಪ್ಪಲ್ಲ." ಎರಡನೆಯದಕ್ಕೂ ಅದನ್ನೇ ಹೇಳಿದ. ಮೂರನೆಯ ನಂಬರ್ ಒತ್ತುವ ಮೊದಲು ಫೋನ್ ಕೆಳಗಿಡು ಎಂದೆ. ಹೆಂಡತಿಯನ್ನೂ ಮಗಳನ್ನೂ ಕರೆದೆ.

ಮೂವತ್ತೆರಡರ ವಿಷಯ ಹೇಳಿದೆ. ನಿಂತುಕೊಂಡೇ ಹೇಳಿದೆ. ಕೂತರೆ ಅರ್ಧಕ್ಕೇ ನಿಲ್ಲಿಸುತ್ತಿದ್ದೆನೋ ಏನೋ. ಬರೀ ಉಣ್ಣೆಯಾಗಿದ್ದರೆ ಹದಿನಾರು ಬಿದ್ದು ಉಳಿಸುತ್ತಿತ್ತು. ಬರೀ ಮೂವತ್ತೆರಡಾಗಿದ್ದರೆ ಗಾಳಿ ಉಳಿಸುತ್ತಿತ್ತು. ಎರಡೂ ಸೇರಿದ್ದರಿಂದ ಹೀಗಾಯಿತು. ಉಣ್ಣೆ ಹಾಕುವ ಮೊದಲು ಅವನು ಕೇಳಲು ಬಂದಾಗ ನನಗೆ ಉತ್ತರ ಗೊತ್ತಿತ್ತು, ಕೊಡಲಿಲ್ಲ. ಮೊನ್ನೆ 'ಬೀಳ್ಬೇಕು' ಎಂದಾಗ ಅದು ಬೀಳುವುದಿಲ್ಲ ಎಂದು ಗೊತ್ತಿತ್ತು.

ಮಗಳು, "ನಾಲ್ಕು ದಿನ. ಗೊತ್ತಿದ್ದೂ ನಾಲ್ಕು ದಿನ ಅದ್ರ ಕೆಳಗೆ ಮಲಗೋಕೆ ಬಿಟ್ಟೆ" ಎಂದು ಚೀಲ ತೆಗೆದುಕೊಂಡು ಲ್ಯಾಬಿಗೆ ಹೋದಳು. ಲೆಕ್ಕ ಹಾಕಿದರೆ ಏಳು ದಿನ. ತಿದ್ದಲಿಲ್ಲ.

ಹೆಂಡತಿ, "ನಾನು ಸೋಪು ತೊಳ್ಕೋತಿದ್ದೆ. ತಣ್ಣೀರಲ್ಲೇ ತೊಳ್ಕೋತಿದ್ದೆ" ಎಂದಳು.

ಅಳಿಯ ಹಾಳೆ ನೋಡುತ್ತಿದ್ದವನು ತಲೆಯೆತ್ತಿ, "ಅದಕ್ಕೇ ಬೀಳ್ಲಿಲ್ಲ" ಎಂದ. ರಾತ್ರಿಯೆಲ್ಲ ಅದೊಂದೇ ಅವನಿಗೆ ಅರ್ಥವಾಗಿರಲಿಲ್ಲವಂತೆ. ಆಮೇಲೆ ಕೇಳಿದ: "ಬೇರೆ ಮನೆಗಳಲ್ಲೂ ಹೀಗೆ ದೊಡ್ಡದು ಹಾಕಿದೀರಾ ಮಾವ?"

ಇಲ್ಲ ಎಂದೆ.

ಅವನು ಮೂರನೆಯ ನಂಬರ್ ಒತ್ತಿದ.

"ಒಂಬತ್ತು" ಎಂದೆ.

ಜನವರಿ 18

ಮಗಳು ಮಾತಾಡುತ್ತಿಲ್ಲ. ಮಾತ್ರೆ, ನೀರು ಮೇಜಿನ ಮೇಲಿಟ್ಟು ಹೋಗುತ್ತಾಳೆ. ಗುಣವಾಗಲಿ ಎಂದು ಕೊಡುತ್ತಾಳೆ, ಮಾತಾಡಲಿ ಎಂದಲ್ಲ.

ಜನವರಿ 22

ಮೇಲಿನ ಮನೆಗೆ ಹೊಸ ಲೈನು. ಗೀಸರಿಗೊಂದು, ಕೋಣೆಗೊಂದು ಬೇರೆ ಬೇರೆ. ಉಣ್ಣೆಗಿಂತ ಎತ್ತರದಲ್ಲಿ ಮರದ ಪಟ್ಟಿ ಹೊಡೆದು ಅದರ ಮೇಲೆ, ಗಾಳಿಯಲ್ಲಿ. ಬೋರ್ಡಿಗೆ ಎರಡು ಹದಿನಾರು. ಲೈಸೆನ್ಸು ನನ್ನದು, ಕೈ ಅಳಿಯನದು. ಕಿಂಡಿಯ ಕೆಳಗೆ ಕುರ್ಚಿ ಹಾಕಿಕೊಂಡು ಕೂತಿದ್ದೆ.

"ಎಡಗಡೆ ಕಣೋ. ನಿನ್ನ ಎಡಗಡೆ, ನನ್ನದಲ್ಲ."

"ನಾವಿಬ್ರೂ ಒಂದೇ ಕಡೆ ಮುಖ ಮಾಡಿದೀವಿ ಮಾವ."

"ಹಾಗಾದ್ರೆ ಬಲಗಡೆ."

ಕೆಲಸ ಒರಟು, ಆದರೆ ಗಟ್ಟಿ. ಕ್ಲಿಪ್ಪುಗಳ ನಡುವಿನ ಅಂತರ ಅಳೆದೇ ಹೊಡೆಯುತ್ತಾನೆ. ಮಧ್ಯದಲ್ಲಿ ಬೆಳಕು ಸಾಲಲಿಲ್ಲ. ಮಗಳು ಲ್ಯಾಬಿನಿಂದ ಬಂದವಳು ಬಟ್ಟೆ ಬದಲಿಸದೆ ಏಣಿ ಹತ್ತಿ ಟಾರ್ಚ್ ಹಿಡಿದಳು. ಇಳಿಯುವಾಗ, "ಕುರ್ಚಿ ಸರಿಸಪ್ಪ, ಕಾಲಿಡೋಕೆ ಜಾಗ ಇಲ್ಲ" ಎಂದಳು. ಸರಿಸಿದೆ.

ಫೆಬ್ರವರಿ 2

ಅಳಿಯನ ವ್ಯಾನಿನಲ್ಲಿ ಮನೆಮನೆಗೆ ಹೋಗುತ್ತಿದ್ದೇನೆ. ಅವನು ಅಟ್ಟ ಹತ್ತುತ್ತಾನೆ, ನಾನು ಬೋರ್ಡು ನೋಡಿ ಯಾವ ಲೈನಿನ ಮೇಲೆ ಎಷ್ಟು ಹೊರೆ ಎಂದು ಬರೆದುಕೊಳ್ಳುತ್ತೇನೆ. ಹದಿನೇಳು ಮನೆ ಮುಗಿಯಿತು. ಹದಿನಾಲ್ಕರಲ್ಲಿ ಬರೀ ದೀಪದ ತಂತಿ, ಭಯವಿಲ್ಲ. ಮೂರರಲ್ಲಿ ತಂತಿ ಎತ್ತಿ ಉಣ್ಣೆಯ ಮೇಲೆ ಹಾಕಿದೆವು.

ಬೇಕರಿಯವರ ಮನೆಯಲ್ಲಿ ಯಜಮಾನರು ಬಾಗಿಲಲ್ಲೇ ನಿಲ್ಲಿಸಿ ಹದಿನೈದು ನಿಮಿಷ ಬೈದರು. "ಹಾಕ್ಬೇಕು ಅಂದವನೂ ನೀನೇ, ಎತ್ಬೇಕು ಅನ್ನೋನೂ ನೀನೇ."

"ಹೌದು ಸರ್, ಎರಡೂ ನಾನೇ" ಎಂದ ಅಳಿಯ.

ಅವರಿಗೆ ಮುಂದೆ ಬೈಯಲು ಏನೂ ಉಳಿಯಲಿಲ್ಲ. ಒಳಗೆ ಬಿಟ್ಟರು. ಬರುವಾಗ ಬಿಸಿ ಬನ್ನು ಕೊಟ್ಟರು. ಅಳಿಯ ದಾರಿಯುದ್ದಕ್ಕೂ ಶಿಳ್ಳೆ ಹೊಡೆದ. ರಾಗ ಪರವಾಗಿಲ್ಲ.

ಫೆಬ್ರವರಿ 11

ಇಪ್ಪತ್ತೊಂಬತ್ತು ಆಯಿತು. ನನ್ನ ಒಂಬತ್ತು ಮನೆಯ ವಿಳಾಸ ಬರೆದುಕೊಂಡು, ಅಲ್ಲಿಗೆ ಯಾವಾಗ ಹೋಗೋಣ ಎಂದು ಅಳಿಯ ಕೇಳಿದ. ಮೊದಲು ನಿನ್ನದು ಮುಗಿಯಲಿ ಎಂದೆ. ಮಂಡಿ ನೋವು ಎಂದೂ ಹೇಳಿದೆ.

ಫೆಬ್ರವರಿ 19

ಅವನ ನಲವತ್ತೊಂದೂ ಇಂದು ಮಧ್ಯಾಹ್ನಕ್ಕೆ ಮುಗಿದವು. ಮನೆಗೆ ಹೋಗುತ್ತಿದ್ದೇವೆ ಎಂದುಕೊಂಡಿದ್ದೆ. ವ್ಯಾನು ತಿರುವಿನಲ್ಲಿ ಎಡಕ್ಕೆ ಹೊರಳಿ ಒಂದು ಹಸಿರು ಗೇಟಿನ ಮುಂದೆ ನಿಂತಿತು.

"ಇದು ನಿನ್ನ ಪಟ್ಟಿಯಲ್ಲಿಲ್ಲ" ಎಂದೆ.

"ನಿಮ್ಮದ್ರಲ್ಲಿದೆ" ಎಂದು ಇಂಜಿನ್ ಆರಿಸಿದ.

ಹೆಡ್‌ಮಿಸ್ಸಿನ ಮನೆ. ಹೈಸ್ಕೂಲಿನಿಂದ ನಿವೃತ್ತರಾಗಿ ಬಹಳ ವರ್ಷವಾಗಿದೆ, ಒಬ್ಬರೇ ಇರುತ್ತಾರೆ. ಅವರ ಮನೆಯ ವೈರಿಂಗು ನನ್ನದು. ಗೀಸರ್ ಮತ್ತು ಇಸ್ತ್ರಿಪೆಟ್ಟಿಗೆ ಒಟ್ಟಿಗೆ ಹಾಕಿದರೆ ಎಂಸಿಬಿ ಬೀಳುತ್ತದೆ ಎಂದು ಹನ್ನೊಂದು ವರ್ಷದ ಹಿಂದೆ ಫೋನ್ ಮಾಡಿದ್ದರು. ಹೋಗಿ ಮೂವತ್ತೆರಡು ಹಾಕಿ ಬಂದಿದ್ದೆ.

ಬಾಗಿಲು ತೆರೆದು ನನ್ನ ಊರುಗೋಲನ್ನು ನೋಡಿದರು. ಯಾಕೆ ಬಂದೆನೆಂದು ಹೇಳಿದೆ. ವ್ಯಾನಿನಲ್ಲಿ ಕೂತು ಜೋಡಿಸಿಕೊಂಡ ಮಾತು ಒಂದೂ ಬಾಯಿಗೆ ಬರಲಿಲ್ಲ.

"ಆವತ್ತು ನಾನು ಕೇಳಿದ್ದೆ, ಇದ್ರಿಂದ ಏನೂ ಆಗಲ್ವಾ ಅಂತ" ಎಂದರು.

"ಕೇಳಿದ್ರಿ."

"ಏನೂ ಆಗಲ್ಲ ಅಂದಿದ್ರಿ."

"ಅಂದಿದ್ದೆ. ಗೊತ್ತಿದ್ದೇ ಅಂದಿದ್ದೆ, ಮಿಸ್."

ಅವರು ಬಾಗಿಲಿನಿಂದ ಪಕ್ಕಕ್ಕೆ ಸರಿದರು. ಅಳಿಯ ಮೇನ್ ಇಳಿಸಿ ಅಟ್ಟ ನೋಡಿ ಬಂದ. ಉಣ್ಣೆ ಇಲ್ಲ, ತಂತಿ ಚೆನ್ನಾಗಿದೆ. ಬೋರ್ಡಿನ ಮುಂದೆ ಸ್ಕ್ರೂಡ್ರೈವರನ್ನು ನನ್ನ ಕಡೆ ಚಾಚಿ, ತಾನು ಕಿಟಕಿಯ ಹೊರಗೆ ಯಾವುದೋ ಗಿಡ ನೋಡುತ್ತ ನಿಂತ. ಬಿಚ್ಚಲು ಎರಡು ಸ್ಕ್ರೂ, ಹಾಕಲು ಎರಡು. ಬಹಳ ಹೊತ್ತು ಹಿಡಿಯಿತು. ಹೆಡ್‌ಮಿಸ್ ಪರೀಕ್ಷೆಯ ಕೋಣೆಯಲ್ಲಿ ನಿಂತಂತೆ ಹಿಂದೆಯೇ ನಿಂತಿದ್ದರು. ಮೂವತ್ತೆರಡು ಹೊರಗೆ, ಹದಿನಾರು ಒಳಗೆ.

"ಇನ್ಮೇಲೆ ಎರಡೂ ಒಟ್ಟಿಗೆ ಹಾಕಿದ್ರೆ ಬೀಳುತ್ತೆ ಮಿಸ್."

"ಬೀಳ್ಲಿ. ಇಂಥವು ಇನ್ನೆಷ್ಟು ಮನೆ?"

"ಎಂಟು."

"ಯಾರ್ಯಾರ್ದು?"

ಹೇಳಿದೆ. ಅವರು ಒಂದೊಂದಕ್ಕೂ ತಲೆಯಾಡಿಸುತ್ತ ಬೆರಳು ಮಡಚಿದರು. "ಅದ್ರಲ್ಲಿ ಐದು ಮನೆಗೆ ನಿಮ್ಮನ್ನ ಕಳಿಸಿದ್ದು ನಾನು. ನಂಬಿಕಸ್ಥ ಅಂತ ಹೇಳಿ ಕಳಿಸಿದ್ದೆ."

ಅವರು ಒಳಗೆ ಹೋದರು. ನಾವು ಹೊರಡಬೇಕೇನೋ ಎಂದು ಅಳಿಯನೂ ನಾನೂ ಮುಖ ಮುಖ ನೋಡಿಕೊಂಡೆವು. ಸ್ವೆಟರ್ ಹಾಕಿಕೊಂಡು, ಕೈಚೀಲ ಹಿಡಿದು, ಬೀಗದ ಕೈ ಹುಡುಕುತ್ತ ಬಂದರು.

"ನಡೀರಿ, ನಾನೂ ಬರ್ತೀನಿ. ನೀವಿಬ್ರೇ ಹೋಗಿ ಇದನ್ನ ಹೇಳಿದ್ರೆ ಬಾಗಿಲೇ ತೆಗೆಯಲ್ಲ ಅವ್ರು" ಎಂದರು. "ಮೊದ್ಲು ಮೂಲೆ ಮನೆ. ಅವ್ರಿಗೆ ಮಧ್ಯಾಹ್ನ ಮಲಗೋ ಅಭ್ಯಾಸ ಇಲ್ಲ."

ಮುಂದಿನ ಸೀಟನ್ನು ಅವರಿಗೆ ಬಿಟ್ಟುಕೊಟ್ಟೆ. ಅಳಿಯ ನನ್ನ ಸೊಂಟ ಹಿಡಿದೆತ್ತಿ ಹಿಂದೆ ಉಣ್ಣೆಯ ಉರುಳೆಗಳ ಮಧ್ಯೆ ಕೂರಿಸಿ ಬಾಗಿಲು ಹಾಕಿದ. ಇಂದು ಮೂರು ಮನೆ ಆಯಿತು. ನಾಳೆ ಒಂಬತ್ತಕ್ಕೇ ಬರಬೇಕಂತೆ, ಹೆಡ್‌ಮಿಸ್ಸಿಗೆ ತಡವಾಗಿ ಬರುವವರು ಆಗುವುದಿಲ್ಲ. ಗಾಜಿನ ಉಣ್ಣೆಗೆ ಮೈಯೆಲ್ಲ ತುರಿಕೆ.